ಜಾಲರಿ ಒಳಗೇ ಉಳಿಯಿತು

“ಒಳಗ ಚುಚ್ಚಂಗಿಲ್ಲೇನ್ರಿ ಟೀಚರ್?”

ನಮ್ಮೂರು ಗೋಗಿಯಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದವರು ಕಡಿಮೆ. ಚುಚ್ಚುವುದಿಲ್ಲ. ಕಾಲಿನ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳವೊಂದು ಹೊಟ್ಟೆಯ ಹಿಂಭಾಗದಲ್ಲಿ ಹಾದುಹೋಗುತ್ತದೆ. ಅದರೊಳಗೆ ಬಟ್ಟೆ ಹರಿದ ಪುಟ್ಟ ಛತ್ರಿಯ ಕಡ್ಡಿಗಳಂತೆ ಒಂದು ತಂತಿಯ ಜಾಲರಿ ಕುಳಿತಿದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆ ಹೆಪ್ಪು ಮೇಲಕ್ಕೆ ಹೊರಟರೆ ಎದೆಗೆ ಏರದಂತೆ ತಡೆಯುವುದು ಅದರ ಕೆಲಸ. ಅದು ಅಲ್ಲಿರುವುದು ನನಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಅದರ ಜೊತೆಗೆ ಬಂದ ಉಳಿದದ್ದೆಲ್ಲ.

ಈಚೆಗೆ ಯಾದಗಿರಿಯಲ್ಲಿ ವೈದ್ಯರ ಬಾಗಿಲ ಮುಂದೆ ಕುಳಿತಿದ್ದಾಗ, ಹೊಸದಾಗಿ ಜಾಲರಿ ಹಾಕಿಸಿಕೊಂಡು ಬಂದ ಹೆಣ್ಣುಮಗಳೊಬ್ಬಳು ನನ್ನ ಪಕ್ಕಕ್ಕೆ ಸರಿದು, “ಅಕ್ಕಾ, ನೀವು ಹ್ಯಾಂಗ ದಿನಾ ಕಳೀತೀರಿ?” ಎಂದು ಕೇಳಿದಳು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಹೊರಗೆ ಬರುವಷ್ಟರಲ್ಲಿ ಅವಳ ಊರಿನ ಬಸ್ಸು ಬಂದು ಅವಳು ಹೋಗಿಬಿಟ್ಟಿದ್ದಳು. ಅವಳಿಗೆ ಹೇಳಬೇಕಾಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸುಜಾತಾ, ಇಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯಲ್ಲಿ ನಾವು ಮೂವರೇ: ನಾನು, ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವ ನನ್ನ ಗಂಡ ಭೀಮರಾಯ, ಅವರ ತಾಯಿ ನಿಂಗಮ್ಮ. ಅತ್ತೆಯನ್ನು ಓಣಿಯಲ್ಲಿ ಎಲ್ಲರೂ ಬಲ್ಲರು. ಇಲ್ಲಿನ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕಿದ್ದು ಅವರ ಕೈ. ಎಷ್ಟು ಅಳುವ ಕೂಸಾದರೂ ಅವರ ಕಾಲ ಮೇಲೆ ಮಲಗಿಸಿದರೆ ಸುಮ್ಮನಾಗುತ್ತಿತ್ತು.

ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ, ಕಾಲುವೆ ಒಣಗಿದ್ದ ದಿನಗಳಲ್ಲಿ, ಶಾಲೆಯ ಮೆಟ್ಟಿಲಿನಿಂದ ಜಾರಿ ನನ್ನ ಎಡಗಾಲಿನ ಪಾದದ ಕೀಲು ಮುರಿಯಿತು. ಶಹಾಪುರದಲ್ಲಿ ಪ್ಲಾಸ್ಟರ್ ಹಾಕಿದರು. ನೋವಿನ ಗುಳಿಗೆ ನುಂಗುತ್ತ ಮಲಗಿದೆ. ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಕಟ್ಟಿಹಾಕಿದ ಕಾಲು, ಬಾವು ಬಂದೇ ಬರುತ್ತದೆ ಎಂದು ನೋಡಲು ಬಂದವರೆಲ್ಲ ಹೇಳಿದರು. ಅತ್ತೆ ಔಡಲೆಣ್ಣೆ ಬೆಚ್ಚಗೆ ಮಾಡಿ, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ದಿನವೂ ತಿಕ್ಕಿದರು. ಸುಳ್ಳೇಕೆ ಹೇಳಲಿ, ಹಿತವಾಗುತ್ತಿತ್ತು. ತಿಕ್ಕುತ್ತಲೇ ಅವರು ತಮ್ಮ ತವರೂರು ವನದುರ್ಗದ ಕೋಟೆ, ಅಲ್ಲಿ ಸೀತಾಫಲ ಹರಿಯಲು ಹತ್ತಿದ್ದ ಗೋಡೆ, ಕಾಲುವೆ ಬರುವ ಮುಂಚೆ ಜೋಳ ಮಾತ್ರ ಬೆಳೆಯುತ್ತಿದ್ದ ಹೊಲಗಳ ಮಾತಾಡುತ್ತಿದ್ದರು. ಕೇಳುತ್ತ ನಾನು ನಿದ್ದೆಹೋಗುತ್ತಿದ್ದೆ.

ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ಭೀಮರಾಯ ಬೆಳಕು ಹರಿಯುವ ಮುಂಚೆಯೇ ಗದ್ದೆಗೆ ಹೋಗುತ್ತಿದ್ದರು. ಹಾಗೆ ಹೋದ ಒಂದು ಮುಂಜಾನೆ ನಾನು ಹೊಸ್ತಿಲಲ್ಲಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದೆ. ಎದೆಯನ್ನು ಯಾರೋ ಒಳಗಿನಿಂದ ಹಿಡಿದು ಹಿಂಡಿದಂತಾಯಿತು. ಉಸಿರು ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅತ್ತೆಯನ್ನು ಕರೆಯಲು ದನಿ ಬರಲಿಲ್ಲ, ಬಾಚಣಿಕೆ ಕೈಯಿಂದ ಬಿತ್ತು. ಆ ಸದ್ದಿಗೆ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ನನ್ನ ಮುಖ ನೋಡಿದವರೇ ರಸ್ತೆಗೆ ಓಡಿದರು.

ನಾಟಿಗೆ ಹೊರಟಿದ್ದ ಹೆಣ್ಣಾಳುಗಳನ್ನು ತುಂಬಿಕೊಂಡು ಒಂದು ಟಂಟಂ ಆಟೋ ಬರುತ್ತಿತ್ತು. ಅತ್ತೆ ಅದರ ಮುಂದೆ ಅಡ್ಡ ನಿಂತರು.

“ಇಳೀರಿ ಎಲ್ಲಾರೂ. ನನ್ನ ಸೊಸಿಗೆ ಉಸರು ಹಿಡದದ.”

“ನಮ್ಮ ಕೆಲಸ…” ಎಂದು ಡ್ರೈವರ್ ಏನೋ ಹೇಳಲು ಹೋದ. ಹಿಂದೆ ಕುಳಿತಿದ್ದ ಹೆಂಗಸರು ಅಷ್ಟರಲ್ಲಿ ಇಳಿದೇ ಬಿಟ್ಟಿದ್ದರು. ಇಬ್ಬರು ನನ್ನನ್ನು ಎತ್ತಿ ಕೂರಿಸಿದರು. ಬಿಚ್ಚಿದ್ದ ನನ್ನ ಕೂದಲನ್ನು ಒಬ್ಬಾಕೆ ಗಂಟು ಹಾಕಿದಳು. ಅವಳು ಯಾರೆಂದು ಇಂದಿಗೂ ಗೊತ್ತಿಲ್ಲ. ಅವರೆಲ್ಲ ಆ ದಿನ ಗದ್ದೆಗೆ ನಡೆದೇ ಹೋದರಂತೆ.

ಶಹಾಪುರದಲ್ಲಿ ಆಮ್ಲಜನಕ ಕೊಟ್ಟು, ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಭೀಮರಾಯ ಗದ್ದೆಯಿಂದ ನೇರ ಅಲ್ಲಿಗೇ ಬಂದರು. ಮೊಣಕಾಲಿನವರೆಗಿನ ಕೆಸರು ಒಣಗಿ ಬಿರಿದಿತ್ತು. ಆಸ್ಪತ್ರೆಯ ಹೊಳೆಯುವ ನೆಲದ ಮೇಲೆ ಅದು ಉದುರದಿರಲಿ ಎಂದು ಅವರು ಗೋಡೆಯ ಅಂಚಿಗೇ ನಿಂತದ್ದು ನನಗೆ ಮಂಜುಮಂಜಾಗಿ ನೆನಪಿದೆ.

ನನ್ನನ್ನು ನೋಡಿದ ಡಾಕ್ಟರಮ್ಮ ಕಲಬುರಗಿ ಕಡೆಯವರೇ, ಮಾತು ಕಡಿಮೆ. ಸ್ಕ್ಯಾನ್ ಮಾಡಿಸಿ, ಕಾಲಿನಲ್ಲಿ ಕಟ್ಟಿದ ಹೆಪ್ಪಿನ ಒಂದು ತುಣುಕು ಶ್ವಾಸಕೋಶಕ್ಕೆ ಹೋಗಿ ಕೂತಿದೆ ಎಂದರು. ರಕ್ತ ತೆಳುಮಾಡುವ ಇಂಜೆಕ್ಷನ್ ಶುರುವಾಯಿತು. ಉಸಿರು ಸ್ವಲ್ಪ ಸಡಿಲವಾಯಿತು. ಆಮೇಲೆ ಅವರು ನನ್ನ ಕಾಲನ್ನು ಒತ್ತಿ ನೋಡುತ್ತ ಕೇಳಿದರು.

“ಕಾಲು ಯಾರರೆ ತಿಕ್ಕಿದ್ರೇನು?”

“ಹೌದ್ರಿ, ನಮ್ಮತ್ತಿ ಎಣ್ಣಿ ಹಚ್ಚತಿದ್ರು” ಎಂದೆ.

“ಇನ್ನ ಮ್ಯಾಲ ತಿಕ್ಕಬ್ಯಾಡ್ರಿ.”

ಅಷ್ಟೇ ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು. ಅತ್ತೆ ನನ್ನ ಕಾಲ ಬಳಿ ನಿಂತಿದ್ದರು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು. ಆ ಹೊತ್ತಿಗೆ ನನಗೆ ಅದರಲ್ಲಿ ಏನೂ ಕಾಣಲಿಲ್ಲ.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ನಾನು ರಕ್ತ ವಾಂತಿ ಮಾಡಿದೆ. ನೋವಿನ ಗುಳಿಗೆಗಳಿಂದ ಹೊಟ್ಟೆಯೊಳಗೆ ಹುಣ್ಣಾಗಿತ್ತು. ರಕ್ತ ತೆಳುವಾಗುತ್ತಲೇ ಆ ಹುಣ್ಣು ಬಾಯಿಬಿಟ್ಟಿತ್ತು. ಡಾಕ್ಟರಮ್ಮ ನನ್ನ ಗಂಡನನ್ನು ಪಕ್ಕಕ್ಕೆ ಕರೆಯಲಿಲ್ಲ. ನನ್ನ ಮುಂದೆಯೇ ಹೇಳಿದರು. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ.

“ಇಂಜೆಕ್ಷನ್ ಕೊಟ್ರ ಹೊಟ್ಟಿ ರಕ್ತ ನಿಲ್ಲಂಗಿಲ್ಲ. ಬಿಟ್ರ ಕಾಲಿನಾಗ ಉಳದದ್ದು ಮತ್ತ ಎದಿಗೆ ಹೋಗಬಹುದು. ಎರಡೂ ಕಡಿ ದಾರಿ ಇಲ್ಲ. ಹೈದರಾಬಾದಿಗೆ ಕಳಸ್ತೀನಿ, ನಾಳದಾಗ ಒಂದು ಜಾಲರಿ ಹಾಕ್ತಾರ. ಹೊಟ್ಟಿ ಮಾಯೋ ತನಕ ಅದು ತಡೀತದ.”

ಭೀಮರಾಯ, “ಉಳೀತಾಳೇನ್ರಿ?” ಎಂದು ಕೇಳಿದರು.

“ಉಳಸಾಕೇ ಕಳಸಾಕತ್ತೀನಿ.”

ಹೈದರಾಬಾದಿನಲ್ಲಿ ನನಗೆ ಪೂರ್ತಿ ಎಚ್ಚರವಿತ್ತು. ಕುತ್ತಿಗೆಯ ಬಳಿ ಒಂದು ಜಾಗವನ್ನಷ್ಟೇ ಮರಗಟ್ಟಿಸಿ, ಅಲ್ಲಿಂದ ತೆಳ್ಳನೆಯ ನಳಿಕೆ ತೂರಿಸಿ ಜಾಲರಿಯನ್ನು ಇಳಿಸಿದರು. ಅಲ್ಲಿನ ನರ್ಸ್ ತೆಲುಗಿನವಳು, ನನಗೆ ಆ ಭಾಷೆ ಅಷ್ಟಕ್ಕಷ್ಟೆ. ಅವಳು ನನ್ನ ಹೆಬ್ಬೆರಳನ್ನು ಹಿಡಿದುಕೊಂಡು, “ಅಯಿಪೋಯಿಂದಮ್ಮಾ, ಅಯಿಪೋಯಿಂದಿ” ಎನ್ನುತ್ತಲೇ ಇದ್ದಳು. ಆಯಿತು, ಮುಗಿಯಿತು ಎಂದು. ಇನ್ನೂ ಮುಗಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅದನ್ನು ಕೇಳುತ್ತಿರಬೇಕೆನಿಸಿತು.

ಕೆಲವು ತಿಂಗಳ ನಂತರ ಬಂದು ಜಾಲರಿ ತೆಗೆಸಿಕೊಳ್ಳಬೇಕೆಂದು ಹೇಳಿ ಕಳಿಸಿದರು. ಹೊಟ್ಟೆಯ ಹುಣ್ಣು ಮಾಯ್ದ ಮೇಲೆ ರಕ್ತ ತೆಳುಮಾಡುವ ಗುಳಿಗೆ ಶುರುವಾಯಿತು. ದಿನವೂ ಸಂಜೆ ಒಂದೇ ಹೊತ್ತಿಗೆ. ರಕ್ತ ಎಷ್ಟು ತೆಳುವಾಗಿದೆ ಎಂದು ಪರೀಕ್ಷಿಸಿ, ಎರಡು ಮತ್ತು ಮೂರರ ನಡುವೆ ಅಂಕಿ ಬರುವ ಹಾಗೆ ಗುಳಿಗೆಯನ್ನು ಹೆಚ್ಚುಕಡಿಮೆ ಮಾಡಬೇಕು. ಕೆಳಗಿಳಿದರೆ ಹೆಪ್ಪಿನ ಭಯ, ಮೇಲೇರಿದರೆ ರಕ್ತಸ್ರಾವದ ಭಯ. ಕಲಬುರಗಿಯ ಡಾಕ್ಟರಮ್ಮ ವಾರಕ್ಕೊಮ್ಮೆ ಯಾದಗಿರಿಗೆ ಬಂದು ಕೂರುತ್ತಿದ್ದರು. ನಾನೂ ಅಲ್ಲಿಗೇ ಹೋಗತೊಡಗಿದೆ.

ಅಷ್ಟರಲ್ಲಿ ಯಾರೋ ನಮ್ಮ ಮನೆಯವರಿಗೆ, ಈ ಗುಳಿಗೆಗೆ ಸೊಪ್ಪು ವಿಷ ಎಂದು ಹೇಳಿಬಿಟ್ಟಿದ್ದರು. ನಮ್ಮ ಕಡೆ ಪುಂಡಿಪಲ್ಯೆ ಇಲ್ಲದ ಊಟವೆಂದರೆ ಊಟವೇ ಅಲ್ಲ. ಅದು ನಮ್ಮ ಮನೆಯಿಂದ ಮಾಯವಾಯಿತು. ಮೆಂತ್ಯ ಹೋಯಿತು, ರಾಜಗಿರಿ ಹೋಯಿತು. ನನಗೆ ಆಸೆಯಾಗಬಾರದೆಂದು ಭೀಮರಾಯ, ಅತ್ತೆ ಇಬ್ಬರೂ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡೇ ತಿಂದರು. ಡಾಕ್ಟರಮ್ಮನಿಗೆ ಇದು ಗೊತ್ತಾದದ್ದು ನಾನು ಸೊರಗಿದ್ದನ್ನು ನೋಡಿ ಕೇಳಿದಾಗ.

“ಯಾರು ಬಿಡ ಅಂದ್ರು? ತಿನ್ರಿ. ಆದರ ದಿನಾ ಅಷ್ಟಷ್ಟೇ ತಿನ್ರಿ. ಇವತ್ತು ಗಂಗಾಳ ತುಂಬ, ನಾಳಿ ಏನೂ ಇಲ್ಲ, ಹಂಗ ಮಾಡಬ್ಯಾಡ್ರಿ. ನಿಮ್ಮ ಊಟಕ್ಕ ತಕ್ಕಂಗ ಗುಳಿಗಿ ಹೊಂದಸೋದು ನನ್ನ ಕೆಲಸ.”

ಮನೆಗೆ ಬಂದು ಹೇಳಿದೆ. ಅತ್ತೆ ಅಟ್ಟದ ಮೇಲಿನಿಂದ ಒಂದು ಸಣ್ಣ ಸೌಟು ಹುಡುಕಿ ತೆಗೆದರು. ಅಂದಿನಿಂದ ನನ್ನ ಪಲ್ಯೆಗೆ ಅದೇ ಸೌಟು. ಹೆಚ್ಚು ಬೇಕೆಂದರೂ ಇಲ್ಲ, ಸಾಕೆಂದರೂ ಬಿಡುವುದಿಲ್ಲ.

ಯಾದಗಿರಿಯ ಆ ಕಾಯುವ ಕೋಣೆಯಲ್ಲಿ ನನಗೊಬ್ಬ ಗೆಳೆಯರು ಸಿಕ್ಕರು. ಸುರಪುರದ ಖಾಜಾಸಾಬ್, ವಯಸ್ಸಾದ ಟೇಲರ್. ಅವರ ಹೃದಯದಲ್ಲಿ ಲೋಹದ ಕವಾಟವಿದೆ, ಹಾಗಾಗಿ ಅವರಿಗೂ ಇದೇ ಗುಳಿಗೆ, ಇದೇ ಪರೀಕ್ಷೆ. ಮೊದಲ ದಿನ ನಾನು ಅಳುತ್ತ ಜಾಲರಿಯ ಕಥೆ ಹೇಳಿದ್ದನ್ನು ಕೇಳಿ ನನ್ನತ್ತ ಬಾಗಿದರು.

“ಬಾಯಾರ, ಜರಾ ಕಿವಿ ಕೊಡ್ರಿ ಈ ಕಡಿ. ಏನರ ಕೇಳತದೇನು?”

ಕಿವಿಗೊಟ್ಟೆ. ಅವರ ಅಂಗಿಯೊಳಗಿನಿಂದ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು.

“ನಿಮ್ಮದು ಗಪ್ಪ ಕುಂತದ. ನಂದು ಸದಾ ಮಾತಾಡತದ. ಮೊದಲ ಮೊದಲ ನಿದ್ದಿನೇ ಬರತಿರಲಿಲ್ಲರಿ. ಈಗ ಅದು ಕೇಳಿದ್ರನೇ ನಿದ್ದಿ. ಹೌದಪ್ಪ, ಖಾಜಾ ಅದಾನ, ಅಂತ.”

ನಾನು ನಕ್ಕೆ. ಅನಾರೋಗ್ಯ ಬಂದ ಮೇಲೆ ನಕ್ಕದ್ದು ಅದೇ ಮೊದಲಿರಬೇಕು. ಆಮೇಲೆ ನಾವಿಬ್ಬರೂ ಒಂದೇ ದಿನ ಬರುವ ಹಾಗೆ ನೋಡಿಕೊಂಡೆವು. ಇಬ್ಬರಲ್ಲಿ ಯಾರ ಅಂಕಿ ಚೆನ್ನಾಗಿ ಬಂತೋ ಅವರು ಚಹಾ ಕುಡಿಸಬೇಕು ಎಂಬುದು ಅವರ ಕಟ್ಟಳೆ. “ಆರಾಮ ಇದ್ದವರೇ ಕುಡಸಬೇಕ್ರಿ. ಇಲ್ಲದವರ ಮ್ಯಾಲ ಯಾಕ ಭಾರ?” ಎನ್ನುತ್ತಿದ್ದರು.

ಮನೆಯಲ್ಲಿ ಮಾತ್ರ ಒಂದು ಬದಲಾವಣೆ ನನ್ನನ್ನು ಕೊರೆಯುತ್ತಿತ್ತು. ಅತ್ತೆ ನನ್ನನ್ನು ಮುಟ್ಟುತ್ತಿರಲಿಲ್ಲ. ನೀರಿನ ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ತಲೆ ಬಾಚಿಕೊಡಿ ಎಂದರೆ ಒಲೆಯ ಮೇಲೆ ಏನೋ ಇದೆ ಎನ್ನುತ್ತಿದ್ದರು. ಪಕ್ಕದ ಮನೆಯಲ್ಲಿ ಹೆರಿಗೆಯಾಗಿ ಕೂಸಿಗೆ ಎಣ್ಣೆ ಹಚ್ಚಲು ಕರೆದಾಗ, ಕೈ ನೋವೆಂದು ಹೇಳಿ ಕಳಿಸಿದರು. ನನ್ನ ರೋಗಕ್ಕೆ ಹೇಸಿದರೇನೋ, ಇಷ್ಟು ಓಡಾಡಿಸಿದ್ದಕ್ಕೆ ಬೇಸತ್ತರೇನೋ ಎಂದು ನಾನು ಒಳಗೊಳಗೇ ನೊಂದೆ. ಭೀಮರಾಯನಿಗೆ ಹೇಳಿದರೆ, “ಅವ್ವ ಹಂಗಲ್ಲ” ಎಂದರು.

ನನ್ನ ಎಡಗಾಲಿಗೆ ದಿನವೂ ಮೊಣಕಾಲಿನವರೆಗೆ ಒಂದು ಬಿಗಿ ಕಾಲುಚೀಲ ಹಾಕಬೇಕಿತ್ತು. ಹಾಕುವುದೆಂದರೆ ಕುಸ್ತಿ. ಒಂದು ಮಧ್ಯಾಹ್ನ ಎಳೆದು ಎಳೆದು ಸೋತು ಅತ್ತೆಯನ್ನು ಕರೆದೆ.

“ಅತ್ತಿ, ಸ್ವಲ್ಪ ಹಿಡದು ಎಳೀರಿ.”

ಅವರು ಬಾಗಿಲಲ್ಲೇ ನಿಂತರು. “ಭೀಮು ಬರಲಿ.”

“ಅವರು ಸಂಜಿಗೆ ಬರೋದು. ನೀವೇ ಎಳೀರಿ.”

“ನನ್ನ ಕೈ ಬ್ಯಾಡ ಯವ್ವಾ.”

“ಯಾಕ? ನನ್ನ ಮುಟ್ಟಾಕ ಏನಾಗ್ಯದ ನಿಮಗ?”

ಅವರು ಗೋಡೆಗೆ ಒರಗಿ ಹಾಗೇ ಕುಸಿದು ಕುಳಿತರು. “ಮುಟ್ಟೇ ಇಷ್ಟ ಆತಲ್ಲ. ಕಾಲಾಗ ಇದ್ದದ್ದನ್ನ ತಿಕ್ಕಿ ತಿಕ್ಕಿ ಎದಿಗೆ ಏರಿಸಿದಾಕಿ ನಾನು. ಡಾಕ್ಟರಮ್ಮ ಕೇಳಿದ್ಲಲ್ಲ, ಯಾರು ತಿಕ್ಕಿದ್ರು ಅಂತ. ಆಕಿ ದೊಡ್ಡಾಕಿ, ನನ್ನ ಮಾರಿ ನೋಡಿ ಸುಮ್ಮನಾದ್ಲು. ಎಷ್ಟ ಕೂಸಿಗೆ ತಿಕ್ಕಿದ ಕೈ ಇದು. ನನ್ನ ಮನಿ ಕೂಸಿಗೇ ಮೋಸ ಮಾಡ್ತು.”

ನನ್ನ ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೂಸು ಎಂದದ್ದು ಅದೇ ಮೊದಲು. ಅರ್ಧ ಹಾಕಿದ ಕಾಲುಚೀಲದಲ್ಲೇ ತೆವಳಿಕೊಂಡು ಹೋಗಿ ಅವರ ಪಕ್ಕ ಕುಳಿತೆ. ಏನೇನೋ ಸಮಾಧಾನ ಹೇಳಿದೆ. ಒಂದೂ ಅವರಿಗೆ ನಾಟಲಿಲ್ಲ. ಸೊಸೆ ಹೇಳುವ ಸಮಾಧಾನ ಅವರಿಗೆ ಬೇಕಿರಲಿಲ್ಲ, ನಿಜ ಬೇಕಿತ್ತು.

ಮುಂದಿನ ಸಲ ಅವರನ್ನೂ ಯಾದಗಿರಿಗೆ ಕರೆದುಕೊಂಡು ಹೋದೆ. ಬರುವುದಿಲ್ಲವೆಂದು ಹಟ ಮಾಡಿದರು. ಭೀಮರಾಯ ಅವರ ಚಪ್ಪಲಿ ತಂದು ಮುಂದಿಟ್ಟರು. ಶಹಾಪುರ ದಾಟುವಾಗ ಬಸ್ಸಿನ ಕಿಟಕಿಯಿಂದ ಮಲಗಿದ ಬುದ್ಧನಂತಿರುವ ಬೆಟ್ಟ ಕಾಣುತ್ತದೆ. ಅತ್ತೆ ಯಾವಾಗಲೂ ಅಲ್ಲಿ ಕೈ ಮುಗಿಯುವವರು. ಅಂದು ಕೈಗಳನ್ನು ಸೆರಗಿನಿಂದ ಹೊರಗೆ ತೆಗೆಯದೆ ತಲೆಯನ್ನಷ್ಟೇ ಬಾಗಿಸಿದರು.

ಡಾಕ್ಟರಮ್ಮನ ಮುಂದೆ ನಾನೇ ವಿಷಯ ತೆಗೆದೆ. ಅವರು ಪೆನ್ನು ಕೆಳಗಿಟ್ಟು ಅತ್ತೆಯ ಕಡೆ ತಿರುಗಿದರು.

“ನಿಂಗಮ್ಮ, ನಾ ಸುಳ್ಳ ಹೇಳಂಗಿಲ್ಲ. ಹೆಪ್ಪು ಕಟ್ಟಿದ ಕಾಲು ತಿಕ್ಕಬಾರದು. ಆದರ ಅದು ಹೆಪ್ಪು ಅಂತ ನಿಮಗ ಹ್ಯಾಂಗ ಗೊತ್ತಾಗಬೇಕಿತ್ತು? ನೋಡಿದವರು ಯಾರಿಗೂ ಗೊತ್ತಾಗಿರಲಿಲ್ಲ. ತಿಕ್ಕದವರಿಗೂ ಇದು ಎದಿಗೆ ಹೋಗತದ. ಸುಮ್ನ ಮಲಗಿದವರಿಗೂ ಹೋಗತದ. ನಿಮ್ಮ ಕೈಯಿಂದನೇ ಹೋತು ಅಂತ ನಾನೂ ಹೇಳಾಕ ಆಗಂಗಿಲ್ಲ, ಮತ್ತೊಬ್ಬ ಡಾಕ್ಟರೂ ಹೇಳಾಕ ಆಗಂಗಿಲ್ಲ.”

ಅತ್ತೆ ಸೆರಗಿನೊಳಗಿನ ತಮ್ಮ ಕೈಗಳನ್ನೇ ನೋಡುತ್ತಿದ್ದರು.

“ಒಂದು ಮಾತ್ರ ಹೇಳಬಲ್ಲೆ. ಅವತ್ತು ನೀವು ಗಾಡಿ ತರುಬಿ ನಿಲ್ಲಸಲಿಲ್ಲ ಅಂದಿದ್ರ, ಭೀಮರಾಯ ಗದ್ದಿಂದ ಬರಲಿ ಅಂತ ಕಾದಿದ್ರ, ಈಕಿ ಇವತ್ತು ನನ್ನ ಮುಂದ ಕುಂದ್ರತಿರಲಿಲ್ಲ. ಇದು ನನಗ ಪಕ್ಕಾ ಗೊತ್ತದ.”

ಹೊರಗೆ ಬಂದಾಗ ಖಾಜಾಸಾಬ್ ಚಹಾ ತರಿಸಿದ್ದರು. ಅತ್ತೆ ಕುಡಿದರು. ಹಿಂದಿರುಗುವ ಬಸ್ಸು ಭೀಮಾ ನದಿಯ ಸೇತುವೆ ಏರಿದಾಗ ನನ್ನ ಅಂಗೈಯನ್ನು ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಗೋಗಿ ಬರುವವರೆಗೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕಾಲ ಬಳಿ ಕುಳಿತು, ಕಾಲುಚೀಲವನ್ನು ಮಡಿಕೆ ಮಡಿಕೆಯಾಗಿ ಸುರುಟಿ, ಪಾದಕ್ಕೆ ತೂರಿಸಿ, ಒಂದೂ ಸುಕ್ಕಿಲ್ಲದಂತೆ ಮೇಲಕ್ಕೆಳೆದರು. ಆಮೇಲೆ ಎದ್ದು ಪಕ್ಕದ ಮನೆಯ ಕೂಸನ್ನು ನೋಡಲು ಹೋದರು.

ಜಾಲರಿ ತೆಗೆಸುವ ದಿನ ಬಂತು. ಹೈದರಾಬಾದಿನ ಅದೇ ಕೋಣೆ, ಅದೇ ಕುತ್ತಿಗೆ. ತೆಗೆದುಬಿಟ್ಟರೆ ನಾನು ಮೊದಲಿನ ಸುಜಾತಾ ಆಗುತ್ತೇನೆ ಎಂದು ನಂಬಿದ್ದೆ. ವೈದ್ಯರು ಬಹಳ ಹೊತ್ತು ಪ್ರಯತ್ನಿಸಿದರು. ಜಾಲರಿ ಓರೆಯಾಗಿ, ಅದರ ಕಾಲುಗಳು ನಾಳದ ಗೋಡೆಗೆ ಕಚ್ಚಿಕೊಂಡಿದ್ದವು. ಜೋರು ಮಾಡಿದರೆ ನಾಳ ಹರಿಯಬಹುದೆಂದು ನಿಲ್ಲಿಸಿದರು. “ಇದು ಒಳಗೇ ಇರಲಿ. ಗುಳಿಗೆ ಮುಂದುವರಿಸಿ” ಎಂದರು. ಎಷ್ಟು ದಿನ ಎಂದು ಕೇಳಿದೆ. ರಕ್ತಸ್ರಾವದ ತೊಂದರೆ ಬಾರದಿರುವವರೆಗೆ, ಬಹುಶಃ ಯಾವಾಗಲೂ, ಎಂದರು.

ಊರಿಗೆ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿದೆ. ಸಂಬಂಧಿಯೊಬ್ಬರು ಬಂದು, “ಜಾಲರಿ ಹೆಂಗೂ ಒಳಗ ಅದ. ಅದೇ ತಡೀತದ. ಮತ್ತ ಗುಳಿಗಿ ಯಾಕ? ಬಿಟ್ಟು ಬಿಡು” ಎಂದರು. ಕೇಳಲು ಎಷ್ಟು ಸರಿಯೆನಿಸಿತೆಂದರೆ ಅಂದು ಸಂಜೆ ಗುಳಿಗೆಯನ್ನು ಮುಂದಿಟ್ಟುಕೊಂಡು ನುಂಗದೆ ಕುಳಿತೆ. ಆಗ ಭೀಮರಾಯ ಪಕ್ಕಕ್ಕೆ ಬಂದು ಕೂತರು.

“ನಮ್ಮ ತೂಬಿನ ಬಾಯಿಗೆ ಕಬ್ಬಿಣದ ಜಾಳಗಿ ಅದಲ್ಲ, ಅದು ಏನು ಮಾಡತದ?”

“ಕಸ ತಡೀತದ.”

“ತಡದ ಕಸ ಎಲ್ಲಿ ಹೋಗತದ? ಅಲ್ಲೇ ಕುಂದ್ರತದ. ತಗೀಲಿಲ್ಲ ಅಂದ್ರ ಜಾಳಗಿನೇ ಕಟ್ಟಿ ನೀರು ನಿಲ್ಲತದ. ಡಾಕ್ಟರಮ್ಮಗ ಫೋನ್ ಮಾಡಿ ಕೇಳೀನಿ. ನಿನ್ನದೂ ಹಂಗೇ ಅಂದ್ರು. ಜಾಲರಿ ಹೆಪ್ಪು ಆಗೋದನ್ನ ತಪ್ಪಸಂಗಿಲ್ಲ, ಅದರ ಮ್ಯಾಲೇ ಕಟ್ಟಬಹುದು, ಕಾಲಾಗೂ ಕಟ್ಟಬಹುದು. ಆಗದಂಗ ಮಾಡೋದು ಗುಳಿಗಿ. ತಗೋ.”

ಲೋಟವನ್ನು ಕೈಗೆ ಕೊಟ್ಟರು. ತೆಗೆದುಕೊಂಡೆ. ಒಳಗಿನಿಂದ ಅತ್ತೆ ಬಂದು ತಮ್ಮ ತೋಳು ಚಾಚಿದರು. ಮೊಣಕೈವರೆಗೆ ಹಸಿರು ಹಚ್ಚೆ.

“ಇದು ನಾ ಸಣ್ಣಾಕಿದ್ದಾಗ ಚುಚ್ಚಿದ್ದು. ನನ್ನ ಮೈಮ್ಯಾಲ ಹಚ್ಚಿ, ನಿನ್ನ ಮೈಯಾಗ ತಂತಿ. ಇಬ್ಬರೂ ಹಿಂಗೇ ಹೋಗೋದು. ಏಳು, ರೊಟ್ಟಿ ಆರತದ.”

ಅಲ್ಲಿಗೆ ಭಯ ಹೋಯಿತೆಂದಲ್ಲ. ಒಮ್ಮೆ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ಮೂಗಿನಿಂದ ರಕ್ತ ಬರತೊಡಗಿತು, ನಿಲ್ಲಲಿಲ್ಲ. ಮುಖ್ಯೋಪಾಧ್ಯಾಯರು ತಾವೇ ಮೋಟಾರ್ ಸೈಕಲ್ಲಿನಲ್ಲಿ ಶಹಾಪುರಕ್ಕೆ ಕರೆದೊಯ್ದರು. ಜ್ವರಕ್ಕೆಂದು ತೆಗೆದುಕೊಂಡ ಬೇರೊಂದು ಔಷಧಿ ನನ್ನ ಗುಳಿಗೆಯ ಬಲ ಹೆಚ್ಚಿಸಿತ್ತು. ಅಂದಿನಿಂದ ತಲೆನೋವಿಗೂ ಡಾಕ್ಟರಮ್ಮನನ್ನು ಕೇಳದೆ ಏನನ್ನೂ ನುಂಗುವುದಿಲ್ಲ. ಮರುದಿನ ಶಾಲೆಗೆ ಹೋದಾಗ ಮಕ್ಕಳು ಪಿಸುಮಾತಿನಲ್ಲಿ ಪಾಠ ಓದಿದರು, ಜೋರಾಗಿ ಓದಿದರೆ ನನ್ನ ಮೂಗಿಗೆ ಏನಾದರೂ ಆದೀತೆಂದು.

ಆದರೆ ಆ ಘಟನೆಯ ನಂತರ ನಾನು ಊರು ಬಿಟ್ಟು ಹೋಗುವುದನ್ನೇ ನಿಲ್ಲಿಸಿದೆ. ಯಾದಗಿರಿಯೇ ನನ್ನ ಗಡಿ. ಬಹಳ ಹೊತ್ತು ಕೂತರೆ ಕಾಲಿನಲ್ಲಿ ಹೆಪ್ಪು ಕಟ್ಟುತ್ತದೆ, ದೂರದಲ್ಲಿ ಏನಾದರೂ ಆದರೆ ಯಾರು ದಿಕ್ಕು? ತಂಗಿಯ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಹೀಗೆ ವರ್ಷಗಳು ಹೋದವು. ಹೊಸ ಬಗೆಯ ಗುಳಿಗೆಗಳು ಬಂದವು. ನನ್ನ ಹೊಟ್ಟೆಯ ಕಥೆ ಗೊತ್ತಿದ್ದ ಡಾಕ್ಟರಮ್ಮ, ಹೊಂದಿಕೊಂಡ ಹಳೆಯದೇ ಸದ್ಯ ಇರಲಿ ಎಂದರು. ಕಾಲು ಚೆನ್ನಾಗಿತ್ತು, ಉಸಿರು ಚೆನ್ನಾಗಿತ್ತು. ನಾನು ಮಾತ್ರ ಒಳಗೊಳಗೇ ಕುಗ್ಗುತ್ತ ಬಂದಿದ್ದೆ.

ಹೋದ ವರ್ಷ ದಸರೆಯ ಮುಂಚೆ ಓಣಿಯ ಕೆಲವರು ನಾಗಪುರದ ದೀಕ್ಷಾಭೂಮಿಗೆ ಹೊರಟರು. ನಮ್ಮದು ಬೌದ್ಧ ಕುಟುಂಬ. ಅಲ್ಲಿಗೆ ಹೋಗಿಬಂದವರು ಓಣಿಯಲ್ಲಿ ಬಹಳ ಮಂದಿ. ಅತ್ತೆ ಹೋಗಿರಲಿಲ್ಲ. ಭೀಮರಾಯನಿಗೆ ಗದ್ದೆ ಬಿಡಲಾಗದ ಕಾಲ. ಓಣಿಯವರು ತಮ್ಮ ಜೊತೆ ಬರಲು ಕರೆದಾಗ ಅತ್ತೆ, “ಮುಂದಿನ ವರ್ಷ ನೋಡೋಣು” ಎಂದರು. ಅವರು ಹೋದ ಮೇಲೆ ನಾನು ಹೇಳಿದೆ.

“ಹೋಗ್ರಿ ಅತ್ತಿ. ನಾ ಇರ್ತೀನಿ ಮನ್ಯಾಗ.”

“ನಿನ್ನ ಬಿಟ್ಟು ಹೋಗಂಗಿಲ್ಲ. ಹೋದ್ರ ನಿನ್ನ ಸಂಗಾಟನೇ.”

ಎಷ್ಟು ವರ್ಷದಿಂದ ಹೀಗೆ ಮುಂದಿನ ವರ್ಷ ಎಂದುಕೊಂಡೇ ಬಂದಿದ್ದರೋ ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ಹೋಗ್ರಿ. ಕಾಲುಚೀಲ ಹಾಕ್ಕೋರಿ, ನೀರು ಕುಡೀರಿ, ತಾಸಿಗೊಮ್ಮೆ ಎದ್ದು ಅಡ್ಡಾಡ್ರಿ, ಗುಳಿಗಿ ಮರೀಬ್ಯಾಡ್ರಿ. ನಿಮ್ಮನ್ನ ಮನ್ಯಾಗ ಕೂಡ್ರಸಾಕ ಇಷ್ಟೆಲ್ಲ ಮಾಡಿಲ್ಲ ನಾವು” ಎಂದರು.

ಓಣಿಯವರ ಜೊತೆ ಅತ್ತೆ, ನಾನು ಇಬ್ಬರೂ ಹೊರಟೆವು. ಸಿಕಂದರಾಬಾದಿನಿಂದ ಬೆಳಗಿನ ರೈಲು, ಓಣಿಯವರಿಗೆ ಜಾಗ ಸಿಕ್ಕಿದ್ದು ಬೇರೆ ಡಬ್ಬಿಯಲ್ಲಿ. ಬಿಳಿ ಸೀರೆ, ಬಿಳಿ ಅಂಗಿಯವರಿಂದ ಡಬ್ಬಿ ತುಂಬಿತ್ತು. ಕಾಲಿಡಲು ಜಾಗವಿಲ್ಲ, ದಾರಿಯಲ್ಲೆಲ್ಲ ಚೀಲಗಳು, ಮಲಗಿದ ಮಕ್ಕಳು. ಮೊದಲ ತಾಸು ಮುಗಿಯಿತು. ನಾನು ಕಿಟಕಿಯ ಬದಿಯಲ್ಲಿ ಸಿಕ್ಕಿಕೊಂಡು ಕುಳಿತಿದ್ದೆ. ಏಳಲು ನಾಚಿಕೆ, ಏಳದಿರಲು ಭಯ. ಎದೆ ಹೊಡೆದುಕೊಳ್ಳತೊಡಗಿತು. ಅತ್ತೆ ನನ್ನ ಮುಖ ನೋಡಿ ತಾವೇ ಎದ್ದರು.

“ಜರಾ ದಾರಿ ಬಿಡ್ರಿ ಯವ್ವಾ. ನನ್ನ ಸೊಸಿ ಮೈಯಾಗ ಜಾಲರಿ ಅದ. ಆಕಿ ಕುಂತಲ್ಲೇ ಕುಂದ್ರಬಾರದು.”

ಯಾರಿಗೂ ಏನೂ ಅರ್ಥವಾಗಿರಲಾರದು. ಅರ್ಧ ಡಬ್ಬಿಗೆ ನಮ್ಮ ಭಾಷೆಯೂ ಬರುತ್ತಿರಲಿಲ್ಲ. ಆದರೂ ಚೀಲಗಳು ಮೇಲೆ ಹೋದವು, ಮಕ್ಕಳು ಮಡಿಲಿಗೆ ಬಂದರು. ನಾನು ಸೀಟುಗಳ ಅಂಚು ಹಿಡಿದು ಆ ತುದಿಗೆ ಹೋಗಿ ಬಂದೆ. ಹಿಂದೆ ಅತ್ತೆ. ಮುಂದಿನ ತಾಸಿಗೆ ನಾನು ಏಳುವ ಮುಂಚೆಯೇ ದಾರಿ ತೆರೆದಿತ್ತು. ಅದರ ಮುಂದಿನದಕ್ಕೆ, ಮೊಣಕಾಲು ಹಿಡಿದುಕೊಂಡಿದೆ ಎಂದು ಸನ್ನೆ ಮಾಡಿ ತೋರಿಸಿದ ಮುದುಕಿಯೊಬ್ಬಳು ನಮ್ಮ ಹಿಂದೆ ಸೇರಿಕೊಂಡಳು. ಮೂವರೂ ಆ ತುದಿಯಿಂದ ಈ ತುದಿಗೆ ನಡೆದೆವು. ಯಾರೋ ಚುರುಮುರಿ ಕೊಟ್ಟರು, ಯಾರೋ ನೀರು ಕೊಟ್ಟರು. ಒಂದು ಹೊತ್ತಿನಲ್ಲಿ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿದ್ದು ನನಗೇ ತಿಳಿಯಲಿಲ್ಲ.

ದೀಕ್ಷಾಭೂಮಿಯಲ್ಲಿ ಸಾಲು ಉದ್ದವಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಬಿಳಿಯ ಗುಮ್ಮಟದ ಎದುರು ಬಂದೆವು. ಅತ್ತೆ ಎರಡೂ ಕೈ ಮುಗಿದು ಬಹಳ ಹೊತ್ತು ನಿಂತರು. ಹಿಂದಿನವರು ಸರಿಯಿರಿ ಎಂದರೂ ಸರಿಯಲಿಲ್ಲ. ಆಮೇಲೆ ಹುಲ್ಲಿನ ಮೇಲೆ ಒಂದು ಕಡೆ ಕುಳಿತೆವು. ಅತ್ತೆಗೆ ಅಳು ಬರಬಹುದೆಂದು ನಾನು ಕಾಯುತ್ತಿದ್ದೆ. ಅವರು ಗಂಟು ಬಿಚ್ಚಿ ರೊಟ್ಟಿ ಮುರಿದು ನನಗೊಂದು ತುಂಡು ಕೊಟ್ಟರು.

“ಸಮುದ್ರ ಅಂತಾರಲ್ಲ” ಎಂದರು, “ಅದನ್ನೂ ನೋಡಬೇಕಲ್ಲ. ಎಷ್ಟು ತಾಸಿನ ದಾರಿ?”

“ನನಗ ಗೊತ್ತಿಲ್ಲ ಅತ್ತಿ. ನಾನೂ ನೋಡಿಲ್ಲ.”

“ಕೇಳು ಯಾರನ್ನರ.”

ನಾನು ಎದ್ದು ಕೇಳಲು ಹೋದೆ.